ಪೀಣ್ಯದಲ್ಲಿ ಮಾಡಿಸಲಾಗದ್ದಕ್ಕೇ ಬೆಲೆ

ಆರ್‌ಎಕ್ಸ್ 100 ಮಾರಲು ಕೂತವರಲ್ಲಿ ಇಬ್ಬರಿಗೊಬ್ಬರು ‘ಇದು ಮೇಡ್ ಇನ್ ಜಪಾನ್ ಗಾಡಿ ಸಾರ್’ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ಆಗುವ ಮಾತಲ್ಲ. ಯಮಹಾ ಆರ್‌ಎಕ್ಸ್ 100 ರಸ್ತೆಗಿಳಿದದ್ದು 1985ರ ಕೊನೆಯಲ್ಲಿ, ನಿಂತದ್ದು 1996ರಲ್ಲಿ. ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದದ್ದು ಮೊದಲ 5,000ದಷ್ಟು ಗಾಡಿಗಳು ಮಾತ್ರ. ಮಿಕ್ಕ ಹತ್ತು ವರ್ಷ ಎಸ್ಕಾರ್ಟ್ಸ್ ಕಂಪನಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಇವನ್ನು ತಯಾರಿಸಿತು. ಆ ಮೊದಲ ಕಂತಿನ ಗಾಡಿಗಳಲ್ಲಿ ಎಷ್ಟೋ ಗುಜರಿ ಸೇರಿವೆ, ಎಷ್ಟೋ ಕಳವಾಗಿ ಬಿಡಿ ಬಿಡಿಯಾಗಿ ಮಾರಾಟವಾಗಿವೆ. ಅಷ್ಟಾದರೂ ಬೆಂಗಳೂರಿನ ಹೊರವಲಯದಲ್ಲೇ ಇಷ್ಟು ‘ಜಪಾನ್ ಗಾಡಿ’ಗಳಿವೆ ಅಂದರೆ, ಆ ಮೂರು ಪದಕ್ಕೆ ಮಾರುಕಟ್ಟೆಯಲ್ಲಿ ಹತ್ತಿಪ್ಪತ್ತು ಸಾವಿರ ಹೆಚ್ಚು ಹುಟ್ಟುತ್ತದೆ ಎಂದಷ್ಟೇ ಅರ್ಥ.

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕಾರುಗಳ ಮಧ್ಯೆ ಕವರ್ ಹೊದ್ದು ನಿಂತ ಹಳೆ ಬೈಕುಗಳು ಈಗ ಅಪರೂಪವಲ್ಲ. ಕಾಲೇಜಿನಲ್ಲಿದ್ದಾಗ ಸೀನಿಯರ್ ಒಬ್ಬನ ಗಾಡಿ ನೋಡಿ ಬಾಯಿ ಬಿಟ್ಟವರು, ಸಾಫ್ಟ್‌ವೇರ್ ಕೆಲಸದಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದು, ಮನೆ ಸಾಲ ಹಗುರವಾದ ಮೇಲೆ ಆ ಆಸೆ ತೀರಿಸಿಕೊಳ್ಳುತ್ತಿದ್ದಾರೆ. ಕೊಳ್ಳುವವರು ಹೆಚ್ಚಿದರು, ಗಾಡಿ ಹೆಚ್ಚಲಿಲ್ಲ. ಒಂದು ಕಾಲಕ್ಕೆ ಹಾಲಿನವರೂ ಕೊರಿಯರ್ ಹುಡುಗರೂ ಓಡಿಸುತ್ತಿದ್ದ ಗಾಡಿಗೆ ಈಗ ಹೊಸ ಬೈಕಿನ ಬೆಲೆ ಕೇಳುತ್ತಾರೆ.

ಹೀಗೆ ಕೊಳ್ಳಲು ಹೊರಟವರು ಮೋಸಹೋಗುವುದು ಹೆಚ್ಚಾಗಿ ಹೊಳಪಿಗೆ. ಬೆಂಗಳೂರಿನಲ್ಲಿ ಹೊಳಪು ಅಗ್ಗ. ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಅಡ್ಡರಸ್ತೆಗೆ ಹೋಗಿ: ಒಂದು ಶೆಡ್ಡಿನಲ್ಲಿ ಪೌಡರ್ ಕೋಟಿಂಗ್, ಪಕ್ಕದ್ದರಲ್ಲಿ ನಿಕಲ್ ಕ್ರೋಮ್, ಎದುರಿಗೆ ಲೇತು, ಆಚೆಗೆ ಬೋರಿಂಗ್ ಮತ್ತು ಹೋನಿಂಗ್. ವಿಮಾನಕ್ಕೆ ಬಿಡಿಭಾಗ ಮಾಡಿಕೊಡುವ ಕೈಗಳಿಗೆ ಬೈಕಿನ ಫುಟ್‌ರೆಸ್ಟ್ ಯಾವ ಲೆಕ್ಕ? ದುಡ್ಡು ಸುರಿದರೆ ಗುಜರಿಯಿಂದ ಎತ್ತಿ ತಂದ ಗಾಡಿ ಎರಡು ಮೂರು ತಿಂಗಳಲ್ಲಿ ಶೋರೂಮಿನಿಂದ ಇಳಿದ ಹಾಗೆ ಕಾಣುತ್ತದೆ. ಹಾಗಾಗಿ ಹಳೆ ಬೈಕಿಗೆ ಬೆಲೆ ಕಟ್ಟುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಗಾಡಿಯಲ್ಲಿ ಪೀಣ್ಯದಲ್ಲಿ ಮಾಡಿಸಲಾಗದ್ದು ಏನೇನಿದೆ? ಫ್ರೇಮ್ ನಂಬರು, ಎಂಜಿನ್ ಕೇಸಿನ ಮೇಲೆ ಕಂಪನಿಯೇ ಒತ್ತಿದ ಅಂಕಿ, ಸಿಲಿಂಡರಿನಲ್ಲಿ ಉಳಿದಿರುವ ಲೋಹ, ಕಂಪನಿ ಗುರುತಿರುವ ಬಿಡಿಭಾಗ, ಆರ್‌ಟಿಒ ದಾಖಲೆ. ಬೆಲೆ ಇವುಗಳಿಗೆ. ಬಣ್ಣಕ್ಕೆ ಕೊಡುವುದು ಬಣ್ಣ ಹೊಡೆಸಿದ ಖರ್ಚಷ್ಟೇ.

ಅಪರೂಪ ಬೇರೆ, ಬೇಡಿಕೆ ಬೇರೆ

ನಮ್ಮ ಕಡೆ ‘ಪರ್ಫಾರ್ಮೆನ್ಸ್ ಕ್ಲಾಸಿಕ್’ ಎಂದು ಕೈ ಬದಲಾಗುವ ಗಾಡಿಗಳು ಬೆರಳೆಣಿಕೆಯಷ್ಟು. ಮೊದಲ ಸಾಲಿನಲ್ಲಿ ರಾಜ್‌ದೂತ್ 350, ಎಲ್ಲರ ಬಾಯಲ್ಲೂ ಆರ್‌ಡಿ. 347 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಆರು ಗೇರು. ಜಪಾನಿನಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನನ್ನು ಎಸ್ಕಾರ್ಟ್ಸ್ 1983ರಲ್ಲಿ ಇಲ್ಲಿಗೆ ತಂದಾಗ 30.5ಕ್ಕೆ ಇಳಿಸಿತು, ಮುಂದಿನ ಡಿಸ್ಕ್ ಬ್ರೇಕು ತೆಗೆದು ಡ್ರಮ್ ಹಾಕಿತು. ಅಷ್ಟಾದರೂ ಮೈಲೇಜು ಸಾಲದೆಂದು ಜನ ಗೊಣಗಿದ್ದಕ್ಕೆ 1985ರ ಹೊತ್ತಿಗೆ ಇನ್ನೂ ಇಳಿಸಿ 27ಕ್ಕೆ ತಂದಿತು. ಮೊದಲಿನದು ಎಚ್‌ಟಿ, ಆಮೇಲಿನದು ಎಲ್‌ಟಿ: ಹೈ ಟಾರ್ಕ್, ಲೋ ಟಾರ್ಕ್. ದಶಕ ಮುಗಿಯುವಷ್ಟರಲ್ಲಿ ತಯಾರಿಕೆಯೇ ನಿಂತಿತು. ಕೊಳ್ಳುವವರಿಲ್ಲದೆ ಸೋತ ಗಾಡಿ ಅದು. ಇವತ್ತಿನ ಬೆಲೆಗೂ ಆ ಸೋಲೇ ಕಾರಣ, ಏಕೆಂದರೆ ಅಂದು ಮಾರಾಟವಾದದ್ದು ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಎಚ್‌ಟಿಗೂ ಎಲ್‌ಟಿಗೂ ನಡುವೆ ಬೆಲೆಯಲ್ಲಿ ಲಕ್ಷದ ಮಾತು ಬರುವುದರಿಂದ, ಎಲ್‌ಟಿ ಫ್ರೇಮಿಗೆ ಎಚ್‌ಟಿ ಸಿಲಿಂಡರ್ ಕೂರಿಸಿ ಮಾರುವುದೂ ನಡೆಯುತ್ತದೆ. ಎಂಜಿನ್ ನಂಬರ್, ಫ್ರೇಮ್ ನಂಬರ್, ಆರ್‌ಸಿ ಬುಕ್ಕಿನಲ್ಲಿರುವ ತಯಾರಿಕೆಯ ವರ್ಷ, ಈ ಮೂರೂ ಒಂದೇ ಕಥೆ ಹೇಳಬೇಕು. 1987ರ ಬುಕ್ಕು ಹಿಡಿದು ಎಚ್‌ಟಿ ಎಂದರೆ ಎದ್ದು ಬನ್ನಿ.

ನಮ್ಮದೇ ನಾಡಿನವು ಜಾವಾ ಮತ್ತು ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು, 1996ರಲ್ಲಿ ಅದು ಬಾಗಿಲು ಹಾಕಿತು. ಕಿಕ್ ಹೊಡೆಯುವ ಕೋಲೇ ಗೇರ್ ಲಿವರ್ ಕೂಡ ಆಗುವ ವಿಚಿತ್ರ ವ್ಯವಸ್ಥೆಯ ಈ ಗಾಡಿಗಳಲ್ಲಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ 250 ಸಿಸಿ ರೋಡ್‌ಕಿಂಗ್‌ಗೆ ವೇಗದವರ ಬೇಡಿಕೆ, 60ರ ದಶಕದ ಮರೂನ್ ಬಣ್ಣದ ಜಾವಾಕ್ಕೆ ಸಂಗ್ರಹಕಾರರ ಬೇಡಿಕೆ. 80ರ ದಶಕದಲ್ಲಿ ಸ್ವಲ್ಪ ಕಾಲ ಬಂದುಹೋದ ಯೆಜ್ಡಿ 350 ಟ್ವಿನ್ ನಿಜಕ್ಕೂ ಅಪರೂಪ, ಅದರ ಬಿಡಿಭಾಗ ಅದಕ್ಕಿಂತ ಅಪರೂಪ. ಬೆಂಗಳೂರಿನವರಿಗೆ ಮೈಸೂರು ಹತ್ತಿರವಿರುವುದರಿಂದ ಲಾಭವೂ ಇದೆ: ಕಾರ್ಖಾನೆಯಲ್ಲಿ ದುಡಿದವರಿಂದ ಕೆಲಸ ಕಲಿತ ಮೆಕ್ಯಾನಿಕ್‌ಗಳು ಅಲ್ಲಿ ಇನ್ನೂ ಸಿಗುತ್ತಾರೆ. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಗಾಡಿಗಳೆಲ್ಲ ಒಂದೆಡೆ ಸೇರುತ್ತವೆ. ಕೊಳ್ಳುವ ಯೋಚನೆಯಿದ್ದರೆ ದುಡ್ಡು ಮನೆಯಲ್ಲಿಟ್ಟು ಅಲ್ಲಿಗೆ ಹೋಗಿ ಬರೀ ಕಣ್ಣು ಪಳಗಿಸಿಕೊಂಡು ಬನ್ನಿ.

ಇನ್ನು ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಇಳಿದು ಅತ್ತಿಬೆಲೆ ದಾಟಿದರೆ ಹೊಸೂರು. ಅಲ್ಲಿನ ಟಿವಿಎಸ್ ಕಾರ್ಖಾನೆಯಲ್ಲಿ, ಸುಜುಕಿ ಜೊತೆಗಿದ್ದ ಕಾಲದಲ್ಲಿ, 90ರ ದಶಕದ ಶೋಗನ್ ಮತ್ತು ಶಾವೊಲಿನ್ ಹುಟ್ಟಿದವು. 110 ಸಿಸಿಯಲ್ಲಿ 14 ಅಶ್ವಶಕ್ತಿಯ ಶೋಗನ್ ಅಂದಿನ ಲೆಕ್ಕಕ್ಕೆ ಆರ್‌ಎಕ್ಸ್ 100ರ 11ನ್ನು ಹಿಂದಿಕ್ಕುವಂಥದ್ದು. ಇವತ್ತು ಒಳ್ಳೆ ಸ್ಥಿತಿಯ ಶೋಗನ್ ಹುಡುಕುವುದು ಒಳ್ಳೆ ಆರ್‌ಎಕ್ಸ್ ಹುಡುಕುವುದಕ್ಕಿಂತ ಕಷ್ಟ. ಆದರೂ ಬೆಲೆ ಆರ್‌ಎಕ್ಸ್‌ನಷ್ಟಿಲ್ಲ. ಮುಂದೆ ಡಿಸ್ಕ್ ಬ್ರೇಕು ಹೊತ್ತು ಬಂದ ಎನ್‌ಫೀಲ್ಡ್ ಫ್ಯೂರಿ 175ರ ಕಥೆಯೂ ಅದೇ. ಕಡಿಮೆ ಇದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಅದನ್ನು ಬಯಸುವವರು ಇರುವ ಗಾಡಿಗಳಿಗಿಂತ ಹೆಚ್ಚಿರಬೇಕು. ನನ್ನ ಎಣಿಕೆಯಲ್ಲಿ, ಗಾಡಿ ಓಡಿಸುವ ಖುಷಿಗಾಗಿ ಕೊಳ್ಳುವವರಿಗೆ ಈಗಲೂ ಲಾಭದ ಬೇಟೆ ಶೋಗನ್. ಬಿಡಿಭಾಗಕ್ಕಾಗಿ ಅಲೆಯುವ ತಾಳ್ಮೆ ಮಾತ್ರ ಬೇಕು.

ಹೊರದೇಶದಲ್ಲೂ ಲೆಕ್ಕ ಇದೇ. 1969ರ ಹೋಂಡಾ ಸಿಬಿ 750ರಲ್ಲಿ ಮೊದಲ 7,414 ಗಾಡಿಗಳ ಎಂಜಿನ್ ಕೇಸು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ನೋಡುವುದಕ್ಕೆ ಕೊಂಚ ಒರಟು, ಬೆಲೆ ಮಾತ್ರ ಉಳಿದ ಸಿಬಿ 750ಗಳಿಗಿಂತ ಎಷ್ಟೋ ಪಟ್ಟು. ಕಾರಣ, ಅದು ಯಾವ ನಂಬರಿನವರೆಗೆ ಎಂಬುದು ದಾಖಲಾಗಿದೆ, ನಂಬರ್ ನೋಡಿ ಯಾರೂ ತಾಳೆ ಹಾಕಬಹುದು. ಬ್ರಿಟನ್ನಿನ ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ತಯಾರಾದದ್ದೇ ಮೂವತ್ತರ ಆಸುಪಾಸು. ಅದರಲ್ಲಿ ಆಸ್ಟ್ರೇಲಿಯಾದ ವೇಗ ದಾಖಲೆ ಮಾಡಿದ್ದ ಒಂದು ಗಾಡಿ 2018ರಲ್ಲಿ ಲಾಸ್ ವೇಗಸ್ ಹರಾಜಿನಲ್ಲಿ 9,29,000 ಡಾಲರಿಗೆ ಹೋಯಿತು. ಅಪರೂಪಕ್ಕೆ ಪುರಾವೆ ಜೊತೆಗಿದ್ದರೆ ದುಡ್ಡು, ಇಲ್ಲದಿದ್ದರೆ ಬರೀ ಬಾಯಿಮಾತು. ನಮ್ಮ ‘ಮೇಡ್ ಇನ್ ಜಪಾನ್’ ಆರ್‌ಎಕ್ಸ್‌ಗೂ ಈ ಮಾತು ಅನ್ವಯಿಸುತ್ತದೆ: ಎಂಜಿನ್ ಕೇಸಿನ ಎರಕದಲ್ಲೇ ಆ ಅಕ್ಷರಗಳಿರಬೇಕು, ಬುಕ್ಕಿನಲ್ಲಿ ವರ್ಷ 1985-86 ಇರಬೇಕು, ಮಿಕುನಿ ಕಾರ್ಬುರೇಟರಿನಿಂದ ಸ್ವಿಚ್ಚಿನವರೆಗೆ ಸುತ್ತಮುತ್ತಲ ಭಾಗಗಳೂ ಅದೇ ಕಾಲದವಾಗಿರಬೇಕು.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ?

ಹೊರಗಿನಿಂದ ಕಾಣದ, ಆದರೆ ಬೆಲೆಯನ್ನು ಹೆಚ್ಚು ಅಲ್ಲಾಡಿಸುವ ಸಂಗತಿಯಿದು. ಆರ್‌ಎಕ್ಸ್ 100ರ ಸಿಲಿಂಡರು ಕಾರ್ಖಾನೆಯಿಂದ ಬಂದಾಗ ಒಳ ಅಳತೆ 50 ಮಿಲಿಮೀಟರ್. ಸವೆದಾಗ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಪಿಸ್ಟನ್ ಬರುವುದು ಕಾಲು ಮಿಲಿಮೀಟರ್ ಮೆಟ್ಟಿಲಿನಲ್ಲಿ: 25, 50, 75, 100. ಅಂದರೆ ಒಟ್ಟು ಒಂದು ಮಿಲಿಮೀಟರ್ ಆಟ. ಅದು ಮುಗಿದರೆ ಹೊಸ ಸ್ಲೀವ್ ಹಾಕಿಸಬೇಕು, ಇಲ್ಲವೇ ಬೇರೆ ಬ್ಲಾಕು ಹುಡುಕಬೇಕು.

ಪೀಣ್ಯದ ಒಂದು ಬೋರಿಂಗ್ ಶೆಡ್ಡಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ತಗಡಿನ ಸೂರು, ನೆಲದ ಮೇಲೆ ಕಬ್ಬಿಣದ ಚೂರು, ಗೋಡೆ ಪಕ್ಕ ಅರಿಶಿನ ಕುಂಕುಮ ಹಚ್ಚಿದ ಬೋರಿಂಗ್ ಮಷೀನು. ವೈಟ್‌ಫೀಲ್ಡಿನಿಂದ ಬಂದಿದ್ದ ಹುಡುಗ ಮಗುವನ್ನು ಎತ್ತಿಕೊಂಡ ಹಾಗೆ ಟವೆಲಿನಲ್ಲಿ ಸಿಲಿಂಡರ್ ಸುತ್ತಿ ತಂದಿದ್ದ. ಮೇಸ್ತ್ರಿ ಡಯಲ್ ಗೇಜನ್ನು ಒಳಗಿಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ತಿರುಗಿಸಿ ನೋಡಿದರು. ‘ಸಾರ್, ಎಪ್ಪತ್ತೈದು ಆಗೋಗಿದೆ. ಇನ್ನೊಂದೇ ಬೋರು. ಎಕ್ಸಾಸ್ಟ್ ಪೋರ್ಟನ್ನೂ ಯಾರೋ ಫೈಲ್ ಹಾಕಿ ಅಗಲ ಮಾಡವ್ರೆ’ ಅಂದರು. ‘ಸ್ಟ್ಯಾಂಡರ್ಡ್ ಬೋರು ಅಂತ ಹೇಳಿ ಕೊಟ್ರಲ್ಲಣ್ಣ’ ಎಂದ ಹುಡುಗ. ‘ಹೇಳೋರು ಹೇಳ್ತಾರೆ ಸಾರ್, ಗೇಜು ಸುಳ್ಳು ಹೇಳಲ್ಲ’ ಎಂದವರು ಮುಂದಿನ ಸಿಲಿಂಡರು ಕೈಗೆತ್ತಿಕೊಂಡರು.

ಆ ಹುಡುಗ ಕೊಳ್ಳುವ ಮೊದಲೇ ಇದನ್ನು ತಿಳಿಯಬಹುದಿತ್ತು. ಆರ್‌ಎಕ್ಸ್‌ನ ಹೆಡ್ ಬಿಚ್ಚುವುದು ತಿಳಿದವರಿಗೆ ಕಾಲು ಗಂಟೆಯ ಕೆಲಸ. ಪಿಸ್ಟನ್ ನೆತ್ತಿಯ ಮೇಲೆ ಎಷ್ಟನೇ ಸೈಜು ಎಂದು ಒತ್ತಿರುತ್ತದೆ, ಮಸಿ ಒರೆಸಿದರೆ ಕಾಣುತ್ತದೆ. ಲಕ್ಷ ರೂಪಾಯಿ ಕೇಳುವವರು ಹೆಡ್ ಬಿಚ್ಚಲು ಒಪ್ಪದಿದ್ದರೆ ಅವರಿಗೆ ಒಳಗೆ ಏನಿದೆ ಎಂದು ಗೊತ್ತಿದೆ ಎಂದೇ ಲೆಕ್ಕ. ಇನ್ನೊಂದು ಜಾಗ ನೋಡಲು ಮರೆಯಬೇಡಿ: ಆರ್‌ಎಕ್ಸ್ 135ರ ಬ್ಲಾಕನ್ನು 100ರ ಮೇಲೆ ಕೂರಿಸಿರುವ ಗಾಡಿಗಳು ಧಾರಾಳ. ಓಡಿಸಲು ಚೆಂದ, ಸಂಗ್ರಹಕ್ಕೆ ಬೆಲೆ ಇಳಿಕೆ. ಆಟೋಲ್ಯೂಬ್ ಆಯಿಲ್ ಪಂಪು ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸುವಂತೆ ಮಾಡಿದ್ದರೆ ಆ ಪಂಪು ಡಬ್ಬದಲ್ಲಾದರೂ ಇದೆಯೇ ಕೇಳಿ. ಆರ್‌ಡಿಯಲ್ಲಿ ಎರಡು ಸಿಲಿಂಡರು, ಎರಡು ಪಿಸ್ಟನ್, ಎರಡೂ ಒಂದೇ ಸೈಜಿರಬೇಕು. ಕ್ರ್ಯಾಂಕ್ ಸೀಲು ಹೋದರೆ ಇಡೀ ಎಂಜಿನ್ ಇಳಿಸಿ ಕೇಸು ಬಿಚ್ಚಬೇಕಾದ್ದರಿಂದ, ಅದರ ಸ್ಥಿತಿ ತಿಳಿಯಲು ಆರ್‌ಡಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಟೀ ಕುಡಿದು, ತಣಿದ ಮೇಲೆ ಕಿಕ್ ಹೊಡೆಯಿರಿ.

ಬುಕ್ಕು ಮೊದಲು, ಗಾಡಿ ಆಮೇಲೆ

ದಾಖಲೆ ಇಲ್ಲದ ಗಾಡಿಗೆ ನಾನು ಬಿಡಿಭಾಗದ ಬೆಲೆಯಷ್ಟೇ ಕಟ್ಟುತ್ತೇನೆ. ಎಷ್ಟು ಚೆನ್ನಾಗಿದ್ದರೂ ಅಷ್ಟೇ. ‘ಬುಕ್ಕು ಮಾಡಿಸಿಕೊಡ್ತೀನಿ, ಒಂದು ತಿಂಗಳು ಟೈಮ್ ಕೊಡಿ’ ಎಂಬ ಮಾತಿಗೆ ದುಡ್ಡು ಬಿಚ್ಚಬೇಡಿ. ಆರ್‌ಎಕ್ಸ್ ಕಳ್ಳರಿಗೂ ಅಚ್ಚುಮೆಚ್ಚಿನ ಗಾಡಿ. ನಂಬರ್ ಉಜ್ಜಿ ಹೊಸದಾಗಿ ಪಂಚ್ ಹೊಡೆದದ್ದು ಪತ್ತೆಯಾದರೆ ಕೊಂಡವರು ಗಾಡಿಯನ್ನೂ ಕಳೆದುಕೊಂಡು ಠಾಣೆಗೂ ಅಲೆಯಬೇಕಾಗುತ್ತದೆ. ಫ್ರೇಮಿನ ಕುತ್ತಿಗೆಯ ಮೇಲಿರುವ ನಂಬರನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕಂಪನಿಯ ಅಂಕಿಗಳು ಒಂದೇ ಆಳಕ್ಕೆ, ಒಂದೇ ಸಾಲಿಗೆ ಇರುತ್ತವೆ. ಸುತ್ತಲಿನ ಲೋಹ ತಗ್ಗಾಗಿದ್ದರೆ, ಆ ಜಾಗದ ಬಣ್ಣ ಮಾತ್ರ ದಪ್ಪವಾಗಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ತೀರಾ ದಪ್ಪ ಪೌಡರ್ ಕೋಟಿಂಗ್ ಅಂಕಿಗಳನ್ನೇ ಮುಚ್ಚಿಬಿಡುವುದುಂಟು, ಅದು ಮಾಲೀಕರ ತಪ್ಪಲ್ಲದೆಯೂ ಇರಬಹುದು. ಆದರೂ ತಾಳೆಯಾಗುವವರೆಗೆ ಅಡ್ವಾನ್ಸ್ ಬೇಡ.

ಹಳೆಯ ಕಾಗದದ ಬುಕ್ಕಿನ ಗಾಡಿಗಳಲ್ಲಿ ಇನ್ನೊಂದು ತೊಡಕು. ಸಿಎ ಎಂದು ಶುರುವಾಗುವ ನಂಬರಿನ ಗಾಡಿಯ ಬುಕ್ಕು ಅಸಲಿಯೇ ಇರಬಹುದು, ಆದರೆ ಅದರ ವಿವರ ನೋಂದಣಿಯ ‘ವಾಹನ್’ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಹೆಸರು ವರ್ಗಾವಣೆ ಮುಂದೆ ಸಾಗುವುದಿಲ್ಲ. ಮೂಲ ಆರ್‌ಟಿಒ ಕಚೇರಿಯಲ್ಲಿ ಹಳೆ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆ ಕೆಲಸ ಮಾರುವವರ ಹೆಸರಿನಲ್ಲೇ ಮುಗಿಯಲಿ, ಆಮೇಲೆ ಪೂರ್ತಿ ದುಡ್ಡು. ಗಾಡಿ ಮೊದಲ ಮಾಲೀಕರ ಹೆಸರಿನಲ್ಲೇ ಇದ್ದು ಅವರು ತೀರಿಕೊಂಡಿದ್ದರೆ ವಾರಸುದಾರರ ಕಾಗದವೂ ಬೇಕು. ಮಗ ಬಂದು ‘ಅಪ್ಪಂದೇ ಗಾಡಿ’ ಅಂದರೆ ಸಾಲದು, ಅಕ್ಕತಂಗಿಯರ ಸಹಿಯೂ ಇರಲಿ.

ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಹೊಸೂರಿನ ಗಾಡಿಗಳು ಕಡಿಮೆಗೆ ಸಿಗುತ್ತವೆ. ಸಿಗುವುದೇಕೆಂದರೆ ಅವು ತಮಿಳುನಾಡಿನ ನೋಂದಣಿಯವು. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಆ ಖರ್ಚು, ಓಡಾಟ ಸೇರಿಸಿದರೆ ಉಳಿತಾಯ ಎಷ್ಟೋ ಸಲ ಸೊನ್ನೆ. ಅದಕ್ಕಿಂತ ಹೆಚ್ಚಿನ ನಷ್ಟ ಹಳೆ ನಂಬರ್ ಹೋಗುವುದು. ಹುಟ್ಟಿದೂರಿನ ಮೂಲ ನಂಬರಿನಲ್ಲೇ ಇರುವ ಗಾಡಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ.

ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ನವೀಕರಿಸಬೇಕು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ನವೀಕರಣ ಶುಲ್ಕವೇ 2,000 ರೂಪಾಯಿ, ಮೇಲೆ ಹಸಿರು ತೆರಿಗೆ. ಎಫ್‌ಸಿ ಮುಗಿದು ವರ್ಷಗಳಾಗಿದ್ದರೆ ಬಾಕಿಯನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಕಿವಿ ಸೀಳುವ ಎಕ್ಸ್‌ಪ್ಯಾನ್ಷನ್ ಚೇಂಬರ್ ಸೈಲೆನ್ಸರ್ ಹಾಕಿದ್ದರೆ ಕಂಪನಿಯ ಮೂಲ ಸೈಲೆನ್ಸರ್ ಕೇಳಿ ಪಡೆಯಿರಿ. ಎಫ್‌ಸಿಗೂ ಅದು ಬೇಕು, ಸಂಚಾರ ಪೊಲೀಸರು ಅಂಥ ಸೈಲೆನ್ಸರುಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸುವುದನ್ನೂ ನೀವು ನೋಡಿರುತ್ತೀರಿ.

ಸ್ಥಿತಿ ನೋಡಿ ಬೆಲೆ

ಮಾರುವವರು ಕೇಳುವ ಬೆಲೆಯ ಅಂದಾಜು ಹೀಗಿದೆ, ಕೈ ಬದಲಾಗುವ ಬೆಲೆ ಇದಕ್ಕಿಂತ ಕೆಳಗೇ ಇರುತ್ತದೆ. ದಾಖಲೆ ಸರಿಯಿರುವ, ದಿನಾ ಓಡುವ, ಅಲ್ಲಲ್ಲಿ ಡೂಪ್ಲಿಕೇಟ್ ಪಾರ್ಟು ಸೇರಿರುವ ಆರ್‌ಎಕ್ಸ್ 100ಕ್ಕೆ ಅರವತ್ತು ಸಾವಿರದಿಂದ ತೊಂಬತ್ತರವರೆಗೆ. ಪೂರ್ತಿ ರಿಸ್ಟೋರ್ ಮಾಡಿದ್ದಕ್ಕೆ ಲಕ್ಷದ ಮೇಲೆ, ಕೆಲವರು ಎರಡು ಲಕ್ಷವನ್ನೂ ಕೇಳುತ್ತಾರೆ. ರೋಡ್‌ಕಿಂಗ್ ಹೆಚ್ಚುಕಡಿಮೆ ಇದೇ ಅಂಗಳದಲ್ಲಿದೆ. ಆರ್‌ಡಿ ಎಲ್‌ಟಿ ಓಡುವ ಸ್ಥಿತಿಯಲ್ಲಿದ್ದರೆ ಮಾತು ಎರಡು ಎರಡೂವರೆ ಲಕ್ಷದಿಂದ ಶುರು, ಅಸಲಿ ಎಚ್‌ಟಿಗೆ ಅದರ ಎರಡು ಪಟ್ಟು ಕೇಳಿದರೂ ಆಶ್ಚರ್ಯವಿಲ್ಲ.

ಕಳಚಿ ಗೋಣಿಚೀಲದಲ್ಲಿ ತುಂಬಿಟ್ಟ ಗಾಡಿ ಅಗ್ಗವಾಗಿ ಕಾಣುತ್ತದೆ. ಕೊಳ್ಳಬೇಡಿ. ಚೀಲದಲ್ಲಿ ಇಲ್ಲದ ನಾಲ್ಕು ಭಾಗಕ್ಕಾಗಿ ಜೆ.ಸಿ. ರಸ್ತೆಯಿಂದ ಶಿವಾಜಿನಗರದ ಗುಜರಿಯವರೆಗೆ ಅಲೆಯುವಷ್ಟರಲ್ಲಿ ಓಡುವ ಗಾಡಿಯ ದುಡ್ಡು ಮುಗಿದಿರುತ್ತದೆ. ಹಳ್ಳಿಮನೆಯ ಕೊಟ್ಟಿಗೆಯಲ್ಲಿ ಹತ್ತು ವರ್ಷ ನಿಂತಿದ್ದರೂ ಎಲ್ಲ ಭಾಗ ಜಾಗದಲ್ಲೇ ಇರುವ ಗಾಡಿ ಅದಕ್ಕಿಂತ ಎಷ್ಟೋ ವಾಸಿ. ಟ್ಯಾಂಕಿನೊಳಗೆ ತುಕ್ಕು ಇರುತ್ತದೆ, ಎಂಜಿನ್ ಹಿಡಿದುಕೊಂಡಿರುತ್ತದೆ. ಅದೆಲ್ಲ ಪೀಣ್ಯದಲ್ಲಿ ಆಗುವ ಕೆಲಸ.

ಎಲ್ಲಕ್ಕಿಂತ ಮೇಲೆ ನಾನು ಬೆಲೆ ಕಟ್ಟುವುದು ಮುಟ್ಟದ ಗಾಡಿಗೆ. ಕಂಪನಿಯ ಬಣ್ಣ ಮಾಸಿದೆ, ಟ್ಯಾಂಕಿನ ಮೇಲೆ ಮಂಡಿ ತಾಗುವ ಕಡೆ ಸವೆದಿದೆ, ಸ್ಟಿಕ್ಕರ್ ಅಂಚು ಎದ್ದಿದೆ, ಆದರೆ ನಟ್ಟು ಬೋಲ್ಟು ಎಲ್ಲ ಮೊದಲಿನವೇ. ಇಂಥದ್ದಕ್ಕೆ ಹೊಸ ಬಣ್ಣ ಹೊಡೆಸಿದ ದಿನವೇ ಅದರ ಬೆಲೆ ಇಳಿಯಿತು, ಏಕೆಂದರೆ ಆಮೇಲೆ ಅದು ನೂರಾರು ರಿಸ್ಟೋರ್ಡ್ ಗಾಡಿಗಳಲ್ಲಿ ಒಂದು. ನಮ್ಮಲ್ಲಿ ಇನ್ನೂ ಇದು ಎಲ್ಲರಿಗೂ ಮನವರಿಕೆಯಾಗಿಲ್ಲ, ಹಾಗಾಗಿ ಕಣ್ಣಿದ್ದವರಿಗೆ ಮಾಸಿದ ಅಸಲಿ ಗಾಡಿ ಹೊಳೆಯುವ ಗಾಡಿಗಿಂತ ಕಡಿಮೆಗೆ ಸಿಗುತ್ತಿದೆ.

ರಿಸ್ಟೋರ್ ಮಾಡಿದ್ದನ್ನೇ ಕೊಳ್ಳುವುದಾದರೆ ಬಿಲ್ಲು ಮತ್ತು ಫೋಟೊ ಕೇಳಿ. ಬಣ್ಣ ಬೀಳುವ ಮೊದಲು ಫ್ರೇಮ್ ಹೇಗಿತ್ತು, ಬೋರ್ ಎಷ್ಟಾಗಿತ್ತು, ಕ್ರ್ಯಾಂಕಿಗೆ ಯಾವ ಬೇರಿಂಗ್ ಬಿತ್ತು, ಎಲ್ಲಕ್ಕೂ ಫೋಟೊ ಇಟ್ಟವರು ಕೆಲಸ ಸರಿಯಾಗಿ ಮಾಡಿಸಿರುತ್ತಾರೆ. ಇಂಡಿಕೇಟರ್, ಮೀಟರ್, ಸ್ವಿಚ್ಚಿನಂಥ ಸಣ್ಣ ಸಾಮಾನಿನ ಮೇಲೆ ಕಂಪನಿ ಗುರುತಿದೆಯೇ ನೋಡಿ. ದೊಡ್ಡ ಭಾಗ ಸುಲಭವಾಗಿ ಸಿಗುತ್ತದೆ, ಸತಾಯಿಸುವುದು ಸಣ್ಣವು.

ಐವತ್ತು ತುಂಬಿದವಕ್ಕೆ ಬೇರೆ ಪ್ಲೇಟು

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಬಂದ ತಿದ್ದುಪಡಿಯಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಖಾಸಗಿ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ರಾಜ್ಯದ ಅಕ್ಷರದ ಪಕ್ಕ ‘ವಿಎ’ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಆದರೆ ಅಂಥ ಗಾಡಿಯನ್ನು ದಿನಾ ಆಫೀಸಿಗೆ ಒಯ್ಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಷ್ಟಕ್ಕೆ ಮಾತ್ರ. ಮೈಸೂರಿನ ಹಳೆ ಜಾವಾಗಳು ಈಗಲೇ ಈ ಲೆಕ್ಕಕ್ಕೆ ಬಂದಿವೆ. ಮೊದಲ ಆರ್‌ಡಿಗಳಿಗೆ 2033ರವರೆಗೆ, ಆರ್‌ಎಕ್ಸ್ 100ಕ್ಕೆ 2035ರವರೆಗೆ ಕಾಯಬೇಕು. ‘ವಿಂಟೇಜ್ ಪ್ಲೇಟ್ ಆಗತ್ತೆ’ ಎಂದು ಆರ್‌ಡಿ, ಆರ್‌ಎಕ್ಸ್ ಮಾರುವವರಿಗೆ ಈ ಎರಡು ಇಸವಿ ಹೇಳಿ ನೋಡಿ.

ಕೊಂಡ ಮೇಲೆ ಎರಡು ವಿಷಯಕ್ಕೆ ಗಮನ ಕೊಡಿ. ಒಂದು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು. 80ರ ದಶಕದ ಕಾರ್ಬುರೇಟರಿನ ರಬ್ಬರ್ ಸೀಲು, ಪೆಟ್ರೋಲ್ ಪೈಪು ಅದಕ್ಕೆ ಮಾಡಿದವಲ್ಲ. ಜೊತೆಗೆ ಎಥನಾಲ್ ನೀರು ಹೀರಿಕೊಳ್ಳುವುದರಿಂದ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿಗೆ ತುಕ್ಕು ಬೇಗ ಹತ್ತುತ್ತದೆ. ಪೈಪು ಸೀಲು ಹೊಸದು ಹಾಕಿಸಿ, ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ.

ಇನ್ನೊಂದು ವಿಮೆ. ಹೆಚ್ಚಿನವರು ಬರೀ ಥರ್ಡ್ ಪಾರ್ಟಿ ಕಟ್ಟಿ ಸುಮ್ಮನಾಗುತ್ತಾರೆ. ಗಾಡಿ ಕಳವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಐದು ವರ್ಷ ಮೀರಿದ ಅಥವಾ ತಯಾರಿಕೆ ನಿಂತ ಗಾಡಿಯ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಗಾಡಿಯ ಬೆಲೆ, ಎಷ್ಟೆಂಬುದನ್ನು ವಿಮೆ ಕಂಪನಿಯೂ ಮಾಲೀಕರೂ ಮಾತಾಡಿ ಗೊತ್ತು ಮಾಡಿಕೊಳ್ಳಬಹುದು, ನಿಯಮದಲ್ಲಿ ಅದಕ್ಕೆ ಜಾಗವಿದೆ. ಆನ್‌ಲೈನ್ ಫಾರ್ಮಿನಲ್ಲಿ ಇದು ಬರುವುದಿಲ್ಲ, ಶಾಖೆಗೆ ಹೋಗಿ ಕೇಳಬೇಕು. ರಿಸ್ಟೋರೇಷನ್ ಬಿಲ್ಲು, ನಾಲ್ಕೂ ಕಡೆಯ ಫೋಟೊ, ನಂಬರಿನ ಫೋಟೊ, ಸರ್ವೇಯರ್ ಕೊಟ್ಟ ಬೆಲೆಪತ್ರ ಎಲ್ಲ ಜೋಡಿಸಿ ಕೊಡಿ. ಒಪ್ಪಿದ ಮೊತ್ತ ಪಾಲಿಸಿಯ ಕರಡಿನಲ್ಲಿ ಅಚ್ಚಾಗಿ ಕೈಗೆ ಬಂದ ಮೇಲೆಯೇ ಕಂತು ಕಟ್ಟಿ.